ಹಚ್ಚಿಕೊಂಡ ನೀಲಿ

“ಯಾರ ಕಣ್ಣಾಗ ಮಣ್ಣ ತೂರಾಕ ಹೋಗಿದ್ರಿ?” ಅಮೃತವ್ವ ಕೇಳಿದಳು. ಹೃದಯದ ಆಪರೇಶನ್‌ಗೆಂದು ಬೆಳಿಗ್ಗೆ ಒಳಗೆ ಹೋದ ಗಂಡ, ಕೊಯ್ಯಿಸಿಕೊಳ್ಳದೆಯೇ ವಾರ್ಡಿಗೆ ವಾಪಸ್ ಬಂದು ಮಲಗಿದ್ದ. ತಿರಕಪ್ಪ ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

ತಿರಕಪ್ಪ ಬೆಟಗೇರಿಯಲ್ಲಿ ನೂಲಿಗೆ ಬಣ್ಣ ಹಾಕುವವನು. ಬಣ್ಣ ಹಾಕುವವರ ಕೈ ಯಾವತ್ತು ಸ್ವಚ್ಛ ಇದ್ದೀತು? ಚಳಿಗಾಲದಲ್ಲಿ ಬೆರಳ ತುದಿ ನೀಲಿಗಟ್ಟಿದಾಗ ಮನೆಯಲ್ಲಿ ಯಾರೂ ಎರಡನೇ ಸಲ ನೋಡಿರಲಿಲ್ಲ. ಹೋದ ಮಾಗಿಯಲ್ಲಿ ಲಕ್ಷ್ಮೇಶ್ವರದ ಡಾಕ್ಟರೊಬ್ಬರು ರಕ್ತ ಪರೀಕ್ಷೆ ಮಾಡಿಸಿ, ಇದು ಬಣ್ಣವಲ್ಲ, ತಂಪು ತಗುಲಿದರೆ ನಿನ್ನ ರಕ್ತ ಗಂಟುಗಟ್ಟುತ್ತದೆ, ನಿನ್ನ ಮೈಯೇ ನಿನ್ನ ರಕ್ತದ ಮೇಲೆ ತಿರುಗಿಬಿದ್ದಿದೆ ಎಂದಿದ್ದರು. ಈ ಪುಣ್ಯಾತ್ಮ ಅದನ್ನು ಹೆಂಡತಿಗೂ ಹೇಳದೆ ನುಂಗಿಕೊಂಡ. ಹೃದಯದ ಕವಾಟ ಕೆಟ್ಟಿದೆ ಎಂದು ಗೊತ್ತಾದ ಮೇಲಂತೂ ಬಾಯಿ ಹೊಲಿದುಕೊಂಡ. ಅಷ್ಟಕ್ಕೇ ಬಿಟ್ಟನೆ? ಆಸ್ಪತ್ರೆಗೆ ಹೊರಡುವ ಮುಂಚೆ ಹತ್ತೂ ಬೆರಳನ್ನು ನೀಲಿ ಬಣ್ಣದ ತೊಟ್ಟಿಯಲ್ಲಿ ಅದ್ದಿಕೊಂಡು ಬಂದಿದ್ದ.

ಆಪರೇಶನ್ ಕೋಣೆ ಎಸಿಯಿಂದ ಕೊರೆಯುತ್ತಿತ್ತು. ಅರಿವಳಿಕೆ ಕೊಡುವ ಡಾಕ್ಟರ್ ರುಹಿ, ಬೆರಳಿಗೆ ಯಂತ್ರದ ಕ್ಲಿಪ್ಪು ಹಾಕಬೇಕೆಂದು ಉಗುರು ಒರೆಸಿದರು. ಬಣ್ಣ ಅರಳೆಗೆ ಬಂತು, ಅದರ ಕೆಳಗಿನ ನೀಲಿ ಹಾಗೇ ಉಳಿಯಿತು. ಕಿವಿ ನೋಡಿದರು, ಮೂಗಿನ ತುದಿ ನೋಡಿದರು. ಅಲ್ಲೂ ನೀಲಿ. ಗದರಿಸಿ ಕೇಳಿದ ಮೇಲೆ ತಿರಕಪ್ಪ ಬಾಯಿ ಬಿಟ್ಟ.

ಈಗ ಅದೇ ರುಹಿ ಮಂಚದ ಹತ್ತಿರ ಬಂದರು. “ಅವ್ವಾರ, ಆಪರೇಶನ್‌ದಾಗ ಮೈ ತಂಪ ಮಾಡತೀವ್ರಿ. ಇವರಿಗೆ ಹಂಗ ಮಾಡಿದ್ರ ರಕ್ತ ಗಂಟಾಗಿ ಮೆದುಳಿಗೆ ಹೋಗತಿತ್ತು. ಮತ್ತ ಏಳತಿರಲಿಲ್ಲ.”

“ಹಂಗಾರ ಆಪರೇಶನ್ ಇಲ್ಲೇನ್ರಿ?”

“ಐತ್ರಿ. ಮೈ, ರಕ್ತ ಎಲ್ಲಾ ಬೆಚ್ಚಗ ಇಟ್ಟು ಮಾಡಾಕ ಬರತೈತಿ. ತಯಾರಿಗೆ ಸ್ವಲ್ಪ ದಿನ ಬೇಕು. ಅಲ್ಲೀತನಕ ಇವರಿಗೆ ತಂಪ ತಾಗಬಾರದು ನೋಡ್ರಿ.”

ಡಾಕ್ಟರು ಹೋದರು. ಅಮೃತವ್ವನ ಸಿಟ್ಟು ಇಳಿಯುವುದಿರಲಿ, ನೆತ್ತಿಗೇರಿತು.

“ಯಾಕ ಹೇಳಲಿಲ್ಲ?”

“ರೋಗದ ಮ್ಯಾಲ ರೋಗ ಅಂದ್ರ ಯಾರು ಕೈ ಹಚ್ಚತಾರ? ಮನಿಗೆ ಹೋಗು ಅಂದಿದ್ರ?”

“ಮುಚ್ಚಿಟ್ಟು ಸತ್ತಿದ್ರ? ನಾ ಆ ಡಾಕ್ಟರಿಗೆ ಶಾಪ ಹಾಕ್ಕೋತ ಕುಂಡ್ರತಿದ್ದೆ. ನನಗರ ಹೇಳಬಾರದ? ನಾ ಏನ್ ನಿಮ್ಮ ವೈರಿ ಏನ್ರಿ?”

“ಅಂಜಿದ್ದೆ, ಅಮೃತಾ.”

ಆ ಮಾತಿಗೆ ಅವಳಿಗೆ ಅಳು ಬರಬೇಕಿತ್ತು. ಬಂದದ್ದು ಇನ್ನಷ್ಟು ಸಿಟ್ಟು. ಇಷ್ಟು ವರ್ಷ ಒಂದೇ ಗಂಗಾಳದಲ್ಲಿ ಉಂಡವನು ಅಂಜಿಕೆಯನ್ನು ಮಾತ್ರ ಒಬ್ಬನೇ ಉಂಡಿದ್ದ. ಏನೋ ಅನ್ನಲು ಬಾಯಿ ತೆರೆದವಳು, ಅವನ ಹಲ್ಲು ಕಟಕಟ ಅನ್ನುವುದನ್ನು ಕೇಳಿ ತಲೆಯೆತ್ತಿದಳು. ಮೇಲೆ ಫ್ಯಾನು ಭರ್ರನೆ ತಿರುಗುತ್ತಿತ್ತು. ಎದ್ದು ಹೋಗಿ ಸಾಲಿನ ಎಲ್ಲ ಸ್ವಿಚ್ಚುಗಳನ್ನೂ ಟಕಟಕ ಆರಿಸಿದಳು.

“ಯವ್ವಾ, ಏಪ್ರಿಲ್ ತಿಂಗಳ ಐತಿ. ಕುದ್ದ ಸಾಯ್ತೀವಿ,” ಎಂದ ಪಕ್ಕದ ಮಂಚದ ಮುಂಡರಗಿಯ ಮುದುಕ.

“ಕುದೀರಿ. ಸಾಯಂಗಿಲ್ಲ,” ಎಂದು ಸ್ವಿಚ್ಚುಗಳಿಗೆ ಬೆನ್ನು ಕೊಟ್ಟು ನಿಂತಳು. ಎಲ್ಲರೂ ಅವಳ ಮುಖ ನೋಡಿದರು. ಯಾರೂ ಎದ್ದು ಬರಲಿಲ್ಲ.

ಮುದುಕ ಗೊಣಗುತ್ತ ತನ್ನ ಅಂಗಿ ಕಳಚಿದ. ಆಮೇಲೆ ಕಾಲ ಬಳಿಯ ಚಾದರವನ್ನೂ ತೆಗೆದು ಚಾಚಿದ. “ಇದನ್ನೂ ಹೊದಸು.”

ಅಮೃತವ್ವ ಅದನ್ನು ಗಂಡನ ಕಿವಿಯವರೆಗೂ ಎಳೆದು ಬಿಗಿಯಾಗಿ ಸಿಕ್ಕಿಸಿದಳು. ಅವನೊಡನೆ ಒಂದು ಮಾತೂ ಆಡದೆ, ಬೆವರು ಸುರಿಸುತ್ತ, ಮತ್ತೆ ಹೋಗಿ ಸ್ವಿಚ್ಚುಗಳ ಮುಂದೆ ನಿಂತಳು.