ತಗ್ಗು ಸೂರಿನ ಕೆಳಗಿನ ಪರೀಕ್ಷೆ

ಯಾರ ಕೈಗೆ ಯಾವ ಪಟರ್ ಸರಿಹೋಗುತ್ತದೆ ಎಂದು ಹೇಳಲು ನನಗೆ ಮೂರು ಎಸೆತ ನೋಡಿದರೆ ಸಾಕಿತ್ತು. ಹಾಗೆಂದು ನಾನೇ ಎಲ್ಲರ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ. ಡಿಸ್ಕ್ ಗಾಲ್ಫ್ ಆಡುವವರು ಪ್ಲಾಸ್ಟಿಕ್ ತಟ್ಟೆಯನ್ನು ಎಸೆಯುತ್ತ ಸಾಗಿ, ಕೊನೆಗೆ ಸರಪಳಿ ತೂಗುಬಿಟ್ಟ ಕಬ್ಬಿಣದ ಬುಟ್ಟಿಗೆ ಬೀಳಿಸಬೇಕು. ಆ ಕೊನೆಯ ಎಸೆತದ ತಟ್ಟೆಯೇ ಪಟರ್. ಅದು ಕೈಗೆ ಒಗ್ಗದಿದ್ದರೆ ಅಲ್ಲಿಯವರೆಗಿನ ಶ್ರಮವೆಲ್ಲ ನೀರುಪಾಲು.

ಎಸೆಯುವವರಲ್ಲಿ ಎರಡು ಬಗೆ. ಕೆಲವರು ಮಣಿಕಟ್ಟು ತಿರುಗಿಸಿ, ತಟ್ಟೆಯನ್ನು ಗಿರ್ರನೆ ಸುತ್ತಿಸಿ ನೇರಕ್ಕೆ ಹೊಡೆಯುತ್ತಾರೆ. ಅವರಿಗೆ ತೆಳು ಅಂಚಿನ ಗಟ್ಟಿ ಪಟರ್ ಬೇಕು. ಇನ್ನು ಕೆಲವರು ಮಣಿಕಟ್ಟು ಅಲುಗಿಸದೆ, ಮೊಣಕಾಲು ಬಗ್ಗಿಸಿ ಎದ್ದು, ತಟ್ಟೆಯನ್ನು ಮೇಲಕ್ಕೆ ತೇಲಿಬಿಡುತ್ತಾರೆ. ಅವರಿಗೆ ದಪ್ಪ ಅಂಚಿನ ಮೆತ್ತನೆಯದೇ ಆಗಬೇಕು.

ನನ್ನ ಅಂಗಡಿ ಇರುವುದು ನೆಲಮಾಳಿಗೆಯಲ್ಲಿ. ಬೂಟುಗಳ ಕಪಾಟಿಗೂ ಟೆಂಟುಗಳ ಕಪಾಟಿಗೂ ನಡುವಿನ ಓಣಿಯ ತುದಿಗೆ ಬುಟ್ಟಿ ಇಟ್ಟಿದ್ದೆ. ಗಿರಾಕಿ ಮೂರು ಸಲ ಎಸೆಯಬೇಕು, ನಾನು ತೀರ್ಪು ಕೊಡಬೇಕು. ಆರು ವರ್ಷಗಳಲ್ಲಿ ಬಂದವರು ಹೆಚ್ಚುಕಡಿಮೆ ಎಲ್ಲರೂ ಮಣಿಕಟ್ಟಿನವರೇ. ನಮ್ಮೂರಿನವರ ಕೈಗುಣವೇ ಹಾಗೆ ಎಂದುಕೊಂಡಿದ್ದೆ. ಮೈದಾನದಲ್ಲಿ ಬೀಳುತ್ತಿಲ್ಲ ಎಂದು ದೂರು ತಂದವರಿಗೆ, ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಗಾದೆ ಹೇಳಿ ಕಳಿಸುತ್ತಿದ್ದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ನನ್ನಕ್ಕ ಶಾಲೆಯ ಬಸ್ಸು ಓಡಿಸುತ್ತಾಳೆ. ವಯಸ್ಸು ಐವತ್ತೆರಡು. ಹೋದ ವರ್ಷ ಬಸ್ಸಿನ ಮೆಟ್ಟಿಲಲ್ಲಿ ಜಾರಿ ಬಲಗೈಯ ಮಣಿಕಟ್ಟು ಮುರಿದುಕೊಂಡಿದ್ದಳು. ನಮ್ಮ ಕ್ಲಬ್ಬಿನಿಂದ ಪಂದ್ಯಾವಳಿಗೆ ಹೋಗುವ ಹೆಂಗಸರ ತಂಡದಲ್ಲಿ ಒಂದೇ ಜಾಗ ಉಳಿದಿತ್ತು. ಅದಕ್ಕೆ ಅಕ್ಕ ಒಬ್ಬಳು, ಊರೆಲ್ಲ ಪೋಸ್ಟಮ್ಮ ಎಂದು ಕರೆಯುವ, ಮನೆಮನೆಗೆ ಟಪಾಲು ಹಂಚುವ ಹೆಂಗಸು ಇನ್ನೊಬ್ಬಳು. ಭಾನುವಾರ ಇಬ್ಬರೂ ಇಪ್ಪತ್ತಿಪ್ಪತ್ತು ಸಲ ಎಸೆಯಬೇಕು, ಹೆಚ್ಚು ಬೀಳಿಸಿದವರಿಗೆ ಜಾಗ. ಅಕ್ಕ ಈ ಹಿಂದೆ ಎರಡು ಸಲ ಕೂದಲೆಳೆಯಲ್ಲಿ ಜಾಗ ಕಳೆದುಕೊಂಡಿದ್ದಳು.

"ಈ ಸಲ ಆಗ್ಲಿಲ್ಲ ಅಂದ್ರೆ ಇನ್ನು ಆಗಲ್ಲ ಬಿಡು. ಕೈ ನನ್ನ ಮಾತು ಕೇಳೋದು ಇನ್ನೆಷ್ಟು ದಿನ?" ಎಂದಳು.

ಸೋಮವಾರ ಅಂಗಡಿಗೆ ಬಂದು ಮೂರು ಎಸೆದಳು. ಮೂರೂ ಬಿದ್ದವು. ತೆಳು ಅಂಚಿನದು ಕೊಟ್ಟು ಕಳಿಸಿದೆ. ಬುಧವಾರ ಮೈದಾನದಲ್ಲಿ ಹತ್ತು ಎಸೆದರೆ ಬಿದ್ದದ್ದು ಮೂರು. ಅವಳು ಮಣಿಕಟ್ಟು ಹಿಡಿದುಕೊಂಡು ನಿಂತಳು. ನನಗೆ ರೇಗಿತು.

"ಅಂಗಡೀಲಿ ಚೆನ್ನಾಗೇ ತಿರುಗಿಸ್ತಿದ್ದೆಯಲ್ಲೇ ಅಕ್ಕ?"

"ಅಲ್ಲಿ ಇನ್ಹೇಗೋ ಎಸೀಲಿ? ಮೇಲಕ್ಕೆ ಬಿಟ್ರೆ ನಿನ್ನ ಟ್ಯೂಬ್‌ಲೈಟು ಪುಡಿಪುಡಿ. ಕೈ ಎತ್ತಿದ್ರೆ ಸೂರೇ ತಗಲುತ್ತೆ. ಆ ಬಿಲದೊಳಗೆ ಯಾರು ಬಂದ್ರೂ ಹಾಗೇ ಎಸೆಯೋದು."

ಆರು ವರ್ಷ ನಾನು ಪರೀಕ್ಷೆ ಮಾಡಿದ್ದು ಜನರ ಕೈಯನ್ನಲ್ಲ, ನನ್ನ ಅಂಗಡಿಯ ಸೂರನ್ನು. ಗಾದೆ ಹೇಳಿ ಕಳಿಸಿದವರ ಮುಖಗಳೆಲ್ಲ ನೆನಪಾಗಿ ನಾಚಿಕೆಯಾಯಿತು.

ಮರುದಿನ ಪಟರ್‌ಗಳ ಡಬ್ಬವನ್ನೇ ಮೈದಾನಕ್ಕೆ ಹೊತ್ತೊಯ್ದೆ. ಅಕ್ಕ ತನ್ನ ಪಾಡಿಗೆ ಮೊಣಕಾಲು ಬಗ್ಗಿಸಿ ತೇಲಿಬಿಟ್ಟಳು. ದಪ್ಪ ಅಂಚಿನ ಮೆತ್ತನೆಯದೊಂದು ಸರಪಳಿಗೆ ತಾಗಿ ಪುಟಿಯದೆ, ತೆಪ್ಪಗೆ ಬುಟ್ಟಿಯೊಳಗೆ ಕೂತಿತು. ಹತ್ತಕ್ಕೆ ಎಂಟು ಬಿತ್ತು. ಯಾರಿಗೂ ಬೇಡದ್ದೆಂದು ಆ ಮಾದರಿಯದನ್ನು ನಾನು ತರಿಸಿದ್ದೇ ಎರಡು. ಎರಡನ್ನೂ ಅವಳ ಚೀಲಕ್ಕೆ ಹಾಕಿದೆ. ಅವಳು ಅಷ್ಟಕ್ಕೇ ಬಿಡಲಿಲ್ಲ. ತಪ್ಪು ಪಟರ್ ಒಯ್ದವರು ಬಂದು ಬದಲಾಯಿಸಿಕೊಳ್ಳಬಹುದು ಎಂದು ಬಾಗಿಲಿಗೆ ಚೀಟಿ ಅಂಟಿಸಲು ಹೇಳಿದಳು. ಅಂಟಿಸಿದೆ.

ಶನಿವಾರ ಬೆಳಗ್ಗೆ ಆ ಚೀಟಿ ನೋಡಿ ಮೊದಲು ಬಂದವಳು ಪೋಸ್ಟಮ್ಮ. ಅಕ್ಕ ಸ್ಟೂಲಿನ ಮೇಲೆ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಳು.

"ಎರಡು ವರ್ಷದಿಂದ ಇದರ ಜೊತೆ ಗುದ್ದಾಡ್ತಿದೀನಿ," ಎಂದು ಪೋಸ್ಟಮ್ಮ ನಾನೇ ಕೊಟ್ಟಿದ್ದ ತೆಳು ಪಟರನ್ನು ಮೇಜಿನ ಮೇಲಿಟ್ಟಳು. "ನಾನೂ ತೇಲಿಸಿ ಬಿಡೋಳೇ. ನೀವು ಇದೇ ಸರಿ ಅಂದ್ರಿ ಅಂತ ಅಭ್ಯಾಸಾನೇ ಬದಲಾಯಿಸ್ಕೊಂಡೆ. ಮೆತ್ತಂದು ಇದ್ರೆ ಒಂದು ಕೊಡ್ತೀರಾ?"

"ಸ್ಟಾಕ್ ಇಲ್ಲ, ಮುಂದಿನ ವಾರ ಬರುತ್ತೆ," ಎಂದೆ. ಕಪಾಟಿನಲ್ಲಂತೂ ಇರಲಿಲ್ಲ, ಅಷ್ಟರ ಮಟ್ಟಿಗೆ ಸುಳ್ಳಲ್ಲ. ಅವಳು "ಹೋಗ್ಲಿ ಬಿಡಿ" ಎಂದು ಹಳೆಯದನ್ನೇ ಎತ್ತಿಕೊಂಡು ಹೊರಟಳು. ನಾನು ಅಕ್ಕನ ಕಡೆ ನೋಡಲಿಲ್ಲ.

ಮೆಟ್ಟಿಲು ಹತ್ತುವ ಸದ್ದು ಕೇಳಿತು. ಆಮೇಲೆ ಅಕ್ಕನ ದನಿ. "ರೀ, ಒಂದ್ನಿಮಿಷ ನಿಂತ್ಕೊಳ್ಳಿ." ಅವಳು ಚೀಲದಿಂದ ಒಂದನ್ನು ತೆಗೆದು, ಒಂದು ಕಾಲಿನ ದಾರ ಕಟ್ಟದೆಯೇ ಮೆಟ್ಟಿಲೇರಿ ಕೊಟ್ಟು ಬಂದಳು. ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ಇಡೀ ದಿನ ಮಾತಾಡಿಸಲಿಲ್ಲ.

ಭಾನುವಾರ ಅಕ್ಕ ಹದಿನೈದು ಬೀಳಿಸಿದಳು. ಪೋಸ್ಟಮ್ಮ ಹದಿನಾರು. ಅಕ್ಕ ಹೋಗಿ ಅವಳ ಕೈ ಕುಲುಕಿದಳು, ನಕ್ಕಳು, ನಾಲ್ಕು ಮಾತೂ ಆಡಿದಳು. ಕಾರಿನ ಬಾಗಿಲು ಹಾಕಿಕೊಂಡ ಮೇಲೆ ಗಳಗಳನೆ ಅತ್ತಳು.

"ನೀನೇ ತಾನೇ ಕೊಟ್ಟಿದ್ದು," ಎಂದೆ. ಸಮಾಧಾನ ಹೇಳಲು ಹೋಗಿ ಬಾಯಿಂದ ಬಂದದ್ದು ಅದು.

"ಹೊಟ್ಟೆ ಉರೀತಿದೆ ಕಣೋ," ಎಂದಳು ಮೂಗು ಒರೆಸಿಕೊಂಡು. "ದೊಡ್ಡ ಮನಸ್ಸು, ಮಣ್ಣು ಅಂತೆಲ್ಲ ಊರಲ್ಲಿ ಹೇಳ್ಕೊಂಡು ಬರಬೇಡ. ನೀನು ಸ್ಟಾಕ್ ಇಲ್ಲ ಅಂದ್ಯಲ್ಲ, ಆಗ ನನಗೆ ಖುಷೀನೇ ಆಯ್ತು. ಅವಳು ಏಳು ಮೆಟ್ಟಿಲು ಹತ್ತೋವರೆಗೂ ಎಣಿಸ್ತಾ ಕೂತಿದ್ದೆ."

ಮೆಟ್ಟಿಲು ಇರುವುದು ಒಂಬತ್ತು. ನಾನಾಗಿದ್ದರೆ ಒಂಬತ್ತನ್ನೂ ಹತ್ತಲು ಬಿಡುತ್ತಿದ್ದೆ.