ಬಲಗಾಲಿಗೊಂದು ಸೂಜಿ, ಎಡಗಾಲಿಗೊಂದು

ದೇವರು ಮನುಷ್ಯರಿಗೆ ಎರಡು ಹಿಮ್ಮಡಿ ಕೊಟ್ಟದ್ದು ಏತಕ್ಕೆ ಎನ್ನುವುದು ಗುರುಬಸಪ್ಪನವರಿಗೆ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಹೊಳೆಯಿತು. ಒಂದಕ್ಕೆ ಒಂದು ಚಿಕಿತ್ಸೆ ಮಾಡಿಸಿ, ಇನ್ನೊಂದಕ್ಕೆ ಬೇರೆಯದು ಮಾಡಿಸಿ, ಯಾವುದು ಮೇಲು ಎಂದು ನೋಡಲಿಕ್ಕೆ. ಹಿಮ್ಮಡಿಗಳು ತಮ್ಮವಲ್ಲ, ಹೆಂಡತಿ ಕಲ್ಯಾಣಮ್ಮನವು ಎನ್ನುವ ಸಣ್ಣ ವಿಷಯ ಅವರನ್ನು ಅಷ್ಟಾಗಿ ಕಾಡಲಿಲ್ಲ.

ಪೆರಂಬೂರಿನ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ರೈಲುಬೋಗಿಯ ಸ್ಪ್ರಿಂಗುಗಳನ್ನು ಪರೀಕ್ಷೆ ಮಾಡಿದವರು ಅವರು. ಎರಡು ಕಂಪನಿಯ ಸ್ಪ್ರಿಂಗು ಬಂದರೆ ಒಂದೇ ಬೋಗಿಗೆ ಆಚೆಗೊಂದು ಈಚೆಗೊಂದು ಹಾಕಿ ಓಡಿಸುವುದು ಅವರ ಕ್ರಮ. ಕಲ್ಯಾಣಮ್ಮನ ಎರಡೂ ಹಿಮ್ಮಡಿಯ ಮೇಲಿನ ದಪ್ಪ ನರ, ಡಾಕ್ಟರರು ಅಕಿಲೀಸ್ ಟೆಂಡನ್ ಎನ್ನುವಂಥದ್ದು, ಮೂರು ತಿಂಗಳಿಂದ ಬೆಳಿಗ್ಗೆ ಎದ್ದು ಕಾಲೂರಿದರೆ ಕತ್ತಿಯಲ್ಲಿ ಸೀಳಿದಂತೆ ನೋಯುತ್ತಿತ್ತು. ಇಂಥ ಸರಿಸಮಾನ ನೋವು ಸಿಗುವುದೇ ಅಪರೂಪ ಎಂದು ಗಂಡ ಸಂತೋಷಪಟ್ಟರು.

ಬಲಗಾಲು ಎಗ್ಮೋರಿಗೆ ಹೋಯಿತು, ಮೈಸೂರಿನಿಂದ ಬಂದ ಫಿಸಿಯೋಥೆರಪಿಸ್ಟ್ ನಿಶಾಂತನ ಹತ್ತಿರ. ಅವನದು ಔಷಧಿಯಿಲ್ಲದ ಬರಿಸೂಜಿ. ಮೀನಖಂಡದ ಗಂಟುಗಳಿಗೆ ಚುಚ್ಚಿ ಸಡಿಲ ಮಾಡುತ್ತಿದ್ದ. ಎಡಗಾಲು ವಡಪಳನಿಗೆ ಹೋಯಿತು, ಸಿನಿಮಾದಲ್ಲಿ ಮಹಡಿಯಿಂದ ಹಾರುವವರ ಕಾಲು ನೋಡುವ ಶ್ರೀಯಾಳ ಹತ್ತಿರ. ಅವಳು ಸ್ಕ್ಯಾನ್ ಪರದೆ ನೋಡಿಕೊಂಡು ನರಕ್ಕೇ ಸೂಜಿ ಇಳಿಸಿ ಅದರೊಳಗೆ ಚೂರು ಕರೆಂಟು ಹಾಯಿಸುತ್ತಿದ್ದಳು.

"ಕರೆಂಟ್ ಸೂಜಿನಾ?" ಎಂದ ನಿಶಾಂತ್. "ಇರಲಿ ಆಂಟಿ. ಮೆಶೀನು ನೋಡೋಕೆ ಚೆನ್ನಾಗಿರತ್ತೆ."

"ಬರೀ ಸೂಜಿಯಾ? ಪಾವಂ, ಅವರುಂ ಪಿಳೈಕ್ಕಣುಮಿಲ್ಲೆ ಪಾಟಿ," ಎಂದಳು ಶ್ರೀಯಾ; ಪಾಪ, ಅವರೂ ಬದುಕಬೇಕಲ್ಲ ಅಜ್ಜಿ ಎಂದು. ಅವಳ ತಾಯಿ ಮಂಡ್ಯದವರು. ಮಗಳಿಗೆ ಕನ್ನಡ ಕಿವಿಯವರೆಗೆ ಬರುತ್ತಿತ್ತು, ಬಾಯಿಗೆ ಬರುವಷ್ಟರಲ್ಲಿ ತಮಿಳಾಗುತ್ತಿತ್ತು.

ಇಬ್ಬರೂ ಒಪ್ಪಿದ್ದು ಒಂದೇ ಮಾತು. ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವ ವ್ಯಾಯಾಮ ದಿನಾ ಮಾಡಬೇಕು, ಅದೇ ಮುಖ್ಯ, ಸೂಜಿ ಅದಕ್ಕೊಂದು ಒತ್ತಾಸೆ ಅಷ್ಟೇ. ಪರಸ್ಪರ ಒಪ್ಪದವರು ಒಪ್ಪಿದ ಮಾತಾದ್ದರಿಂದ ಗುರುಬಸಪ್ಪನವರಿಗೆ ಅದರ ಮೇಲೆ ಅನುಮಾನ ಬಂತು.

"ವ್ಯಾಯಾಮವೂ ಮಾಡಿ ಸೂಜಿಯೂ ಹಾಕಿಸಿದ್ರೆ ವಾಸಿ ಆಗಿದ್ದು ಯಾವುದ್ರಿಂದ ಅಂತ ಹೇಗೆ ಗೊತ್ತಾಗ್ಬೇಕು? ಆರು ವಾರ ವ್ಯಾಯಾಮ ಇಲ್ಲ. ಮೆಟ್ಟಿಲೂ ಇಲ್ಲ."

"ವಾಸಿ ಆದ್ರೆ ಸಾಲದೇನ್ರೀ?"

"ಅದು ಅವೈಜ್ಞಾನಿಕ," ಎಂದರು.

ಮೆಟ್ಟಿಲಿಲ್ಲ ಎಂದರೆ ಗೆಳತಿ ರಮಾಬಾಯಿ ಇಲ್ಲ ಎಂದರ್ಥ. ಅವರ ಮನೆ ಅದೇ ಬೀದಿಯಲ್ಲಿ ಲಿಫ್ಟಿಲ್ಲದ ಮೂರನೆಯ ಮಹಡಿ, ಐವತ್ತನಾಲ್ಕು ಮೆಟ್ಟಿಲು. ಸಕ್ಕರೆ ಕಾಯಿಲೆಯಿಂದ ರಮಾಬಾಯಿಯ ಕಣ್ಣು ಮಂಜಾಗಿ ಎರಡು ವರ್ಷ. ಧಾರವಾಡದಿಂದ ಅವರ ಅಕ್ಕ, ಎಂಬತ್ತಾರರ ಕಿವುಡಿ, ವಾರಕ್ಕೊಂದು ಕಾಗದ ಬರೆಯುತ್ತಿದ್ದರು. ಮಗ ಸೊಸೆ ಮೊಮ್ಮಕ್ಕಳೆಲ್ಲ ತಮಿಳಿನಲ್ಲಿ ಓದಿದವರು, ಯಾರಿಗೂ ಕನ್ನಡ ಅಕ್ಷರ ಬಾರದು. ಪ್ರತಿ ಗುರುವಾರ ಕಲ್ಯಾಣಮ್ಮ ಹತ್ತಿಹೋಗಿ ಓದಿ, ಉತ್ತರ ಬರೆದುಕೊಟ್ಟು ಬರುತ್ತಿದ್ದರು. ಕಾಗದ ಕೆಳಗೆ ಕಳಿಸಲು ರಮಾಬಾಯಿ ಒಪ್ಪುವವರಲ್ಲ. ಫೋನಿನಲ್ಲಿ ಫೋಟೋ ಕಳಿಸೋಣವೆಂದರೆ ಅದನ್ನು ತೆಗೆಯಬೇಕಾದವಳು ಸೊಸೆ, ಕಾಗದದಲ್ಲಿ ಅರ್ಧ ಇರುವುದು ಸೊಸೆಯ ವಿಚಾರ. ಗುರುಬಸಪ್ಪ ಒಮ್ಮೆ ಓದಿಕೊಟ್ಟಿದ್ದರು, ತಪಾಸಣೆಯ ವರದಿಯ ಧಾಟಿಯಲ್ಲಿ. ಅಕ್ಕ ಸತ್ತೇಹೋದಳೆಂದು ರಮಾಬಾಯಿ ಅತ್ತುಬಿಟ್ಟಿದ್ದರಂತೆ.

ದಿನಾ ಬೆಳಿಗ್ಗೆ ಗುರುಬಸಪ್ಪ ಹಸಿರು ಶಾಯಿಯಲ್ಲಿ ನೋವಿನ ಅಂಕಿ ಬರೆದರು. "ಬಲ?" "ಆರು." "ಎಡ?" ಕಲ್ಯಾಣಮ್ಮ ಯೋಚಿಸುತ್ತಿದ್ದರು. ನೋವು ಎರಡರಲ್ಲೂ ಒಂದೇ. ಆದರೆ ನಿನ್ನೆ ಶ್ರೀಯಾ ತನ್ನ ಅಂಗೈ ಉಜ್ಜಿ ಬಿಸಿ ಮಾಡಿಕೊಂಡು ಕಾಲು ಮುಟ್ಟಿದ್ದಳಲ್ಲ, ಆರು ಎನ್ನಲು ಬಾಯಿ ಬರುತ್ತಿರಲಿಲ್ಲ. "ಐದು." ಮರುವಾರ ನಿಶಾಂತ್ ಅವರ ಚಪ್ಪಲಿಯನ್ನು ತಾನೇ ಬಾಗಿ ಕಾಲಿನ ಹತ್ತಿರ ತಿರುಗಿಸಿಟ್ಟ, ಬಲ ನಾಲ್ಕಕ್ಕೆ ಇಳಿಯಿತು. ಹೀಗೆ ಎರಡು ಕ್ಲಿನಿಕ್ಕುಗಳ ಸೌಜನ್ಯದ ಅತಿ ನಿಖರವಾದ ನಕ್ಷೆಯೊಂದು ಸಿದ್ಧವಾಯಿತು. ಗುರುಬಸಪ್ಪ ಅದನ್ನು ನೋಡಿ, ಸೂಜಿಗಳು ತುರುಸಿನ ಪೈಪೋಟಿಯಲ್ಲಿವೆ ಎಂದರು.

ಆರನೆಯ ವಾರ ರಮಾಬಾಯಿಯ ಸೊಸೆ ತೇಜಶ್ರೀ ಬಾಗಿಲಿಗೆ ಬಂದಳು.

"ಆಂಟಿ, ಆರನೇ ಲೆಟರ್ ಬಂದಿದೆ. ಇದರ ಮೂಲೆಯಲ್ಲಿ ಮಂಜಳ್ ಹಚ್ಚಿದ್ದಾರೆ."

ಅರಿಸಿನ ಹಚ್ಚಿದ ಕಾಗದವೆಂದರೆ ಶುಭ. ಯಾವ ಶುಭ, ಯಾರಿಗೆ, ಯಾವಾಗ ಎನ್ನುವುದು ಒಳಗಿತ್ತು.

"ಅತ್ತೆ ಆರನ್ನೂ ದಿಂಬಿನ ಕೆಳಗೆ ಇಟ್ಕೊಂಡಿದ್ದಾರೆ. ಆಗಾಗ ತೆಗೆದು ಮುಟ್ಟಿ ನೋಡ್ತಾರೆ. ಸಾಪಾಡು ಕೂಡ ಸರಿಯಾಗಿ ಉಣ್ತಿಲ್ಲ," ಎಂದಳು ತೇಜಶ್ರೀ. ಆ ಕಾಗದಗಳಲ್ಲಿ ತನ್ನ ಬಗ್ಗೆ ಏನಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ, ಆದರೂ ಬಂದಿದ್ದಳು.

ಆ ಮಧ್ಯಾಹ್ನ ವಡಪಳನಿಯಲ್ಲಿ ಸೂಜಿ ಕಾಲಲ್ಲಿರುವಾಗಲೇ, ಗಂಡ ಆರು ವಾರದಲ್ಲಿ ಕೇಳದ ಪ್ರಶ್ನೆಯನ್ನು ಕಲ್ಯಾಣಮ್ಮ ಕೇಳಿದರು. "ನಾನು ಮೆಟ್ಟಿಲು ಹತ್ತಬಹುದಾ ಕಣ್ಣೂ?"

"ಹತ್ತಬೇಡಿ ಅಂತ ಯಾರು ಪಾಟಿ ಸೊನ್ನದು? ಮೆದುವಾ, ಕಂಬಿ ಪಿಡಿಚ್ಚು ಏರುಂಗೊ. ಕೊಂಚಂ ನೋವಾದ್ರೂ ಪರವಾಯಿಲ್ಲೆ," ಎಂದಳು ಶ್ರೀಯಾ; ಮೆಲ್ಲಗೆ, ಕಂಬಿ ಹಿಡಿದುಕೊಂಡು ಹತ್ತಿ ಎಂದು.

ಕಲ್ಯಾಣಮ್ಮ ವಾಪಸಾಗುವಾಗ ಆಟೋದಿಂದಲೇ ನಿಶಾಂತನಿಗೆ ಫೋನು ಹಚ್ಚಿದರು, ಸ್ಪೀಕರಿನಲ್ಲಿ.

"ಧಾರಾಳವಾಗಿ ಹತ್ತಿ ಆಂಟಿ. ನೋವು ನಾಲ್ಕೈದು ದಾಟದಿದ್ರೆ ಸಾಕು. ಸುಮ್ನೆ ಕೂತ್ರೆ ನರ ಇನ್ನೂ ಸೋಮಾರಿ ಆಗತ್ತೆ. ಮೊದಲ ದಿನವೇ ಹೇಳಿದ್ನಲ್ಲ ಅಂಕಲ್‌ಗೆ?"

ಪಕ್ಕದಲ್ಲೇ ಕುಳಿತಿದ್ದ ಅಂಕಲ್ ಆಟೋದ ಹೊರಗೆ ಬಹಳ ಆಸಕ್ತಿಯಿಂದ ಒಂದು ಪೆಟ್ರೋಲ್ ಬಂಕನ್ನು ನೋಡುತ್ತಿದ್ದರು. ಬೀದಿ ಬಂದಾಗ, "ಇನ್ನು ನಾಲ್ಕೇ ದಿನ. ಈಗ ಹತ್ತಿದ್ರೆ ಫಲಿತಾಂಶ ಎಲ್ಲಾ ಹಾಳು," ಎಂದರು.

"ಆಗಲಿ ಬಿಡಿ," ಎಂದು ಕಲ್ಯಾಣಮ್ಮ ಇಳಿದು ರಮಾಬಾಯಿಯ ಮನೆಯ ಕಡೆ ನಡೆದರು. ಮೊದಲ ಮಹಡಿಗೆ ನೋವು ಮೂರಿತ್ತು, ಎರಡನೆಯದಕ್ಕೆ ನಾಲ್ಕು. ಅಲ್ಲಿ ನಿಂತು ಉಸಿರು ತೆಗೆದುಕೊಳ್ಳುವಾಗ ಎರಡು ಮೆಟ್ಟಿಲು ಕೆಳಗೆ ಗಂಡ ಕಾಣಿಸಿದರು, ಬಿದ್ದರೆ ಹಿಡಿಯುವವರ ಹಾಗೆ ಕೈ ಚಾಚಿಕೊಂಡು.

"ಬಂದೀಯೇನ? ನಾ ಅನ್ಕೊಂಡೆ ನಿನ್ನ ಕಾಲು ಎರಡೂ ಕಡಿದು ತುಲನಾ ಮಾಡ್ಲಿಕ್ಹತ್ಯಾರ ಅಂತ," ಎಂದರು ರಮಾಬಾಯಿ ಮಂಚದ ಮೇಲಿಂದ. ಕೈ ಆಗಲೇ ದಿಂಬಿನ ಕೆಳಗಿತ್ತು. ಅರಿಸಿನದ್ದು ಮೊದಲು ಬೇಡ, ವಾರವಾರದ ಲೆಕ್ಕದಲ್ಲೇ ಓದಬೇಕೆಂದು ಅಪ್ಪಣೆಯಾಯಿತು.

ಎರಡನೆಯ ಕಾಗದದಲ್ಲಿ ಅಕ್ಕನ ಮೊಮ್ಮಗಳಿಗೆ ಹೆಣ್ಣು ಕೂಸಾಗಿತ್ತು. ಚಿಕ್ಕಜ್ಜಿ ನೀನು, ಹೆಸರು ನೀನೇ ಹೇಳು ಎಂದು ಬರೆದಿದ್ದರು. ಮೂರನೆಯದರಲ್ಲಿ ಮತ್ತೆ ಕೇಳಿದ್ದರು. ನಾಲ್ಕನೆಯದರಲ್ಲಿ, ನಿನ್ನ ಸೊಸೆ ಇನ್ನೂ ಆರಿದ ಸಾರೇ ಬಡಿಸುತ್ತಾಳೇನು ಎಂದಿತ್ತು. ಅಷ್ಟರಲ್ಲಿ ತೇಜಶ್ರೀ ಒಂದು ಸ್ಟೂಲು ತಂದು, ಯಾರೂ ಹೇಳದೆಯೇ, ಕಲ್ಯಾಣಮ್ಮನ ಕಾಲುಗಳನ್ನು ಎತ್ತಿ ಅದರ ಮೇಲಿಟ್ಟಳು.

"ತೇಜಶ್ರೀಗೆ ಆಶೀರ್ವಾದ," ಎಂದು ಓದಿದರು ಕಲ್ಯಾಣಮ್ಮ.

"ನಮ್ಮಕ್ಕ ಹಂಗ ಬರಿಯಾಕಿ ಅಲ್ಲ."

"ಬರೆದಿದ್ದಾರಲ್ಲ, ನಾನೇನು ಮಾಡಲಿ."

ಅರಿಸಿನದ ಕಾಗದ ಚಿಕ್ಕದು. ಕಾದೆವು, ನಿನ್ನ ಉತ್ತರ ಬರಲಿಲ್ಲ, ತೊಟ್ಟಿಲ ದಿನ ತಪ್ಪಿಸಲಿಕ್ಕಾಗಲಿಲ್ಲ, ಹುಡುಗರು ಫೋನಿನಲ್ಲಿ ಹುಡುಕಿ 'ಶಿಯಾರಾ' ಎಂದು ಇಟ್ಟರು. ಇದನ್ನು ಬದಲಿಸಿ ಓದಲು ಕಲ್ಯಾಣಮ್ಮನಿಗೆ ಆಗಲಿಲ್ಲ. ಹಾಗೇ ಓದಿದರು.

ರಮಾಬಾಯಿ ಕಾಗದವನ್ನು ವಾಪಸು ತೆಗೆದುಕೊಂಡು ಮೂಲೆಯನ್ನು ಹೆಬ್ಬೆರಳಿನಿಂದ ಸವರಿದರು. ಆಮೇಲೆ ಬಾಗಿಲ ಕಡೆ ಮುಖ ತಿರುಗಿಸಿ, "ಅಲ್ಲಿ ಏದುಸಿರು ಬಿಡಾವ್ರು ಯಾರು?" ಎಂದರು.

"ನಾನು, ಗುರುಬಸಪ್ಪ. ತಪ್ಪು ನಂದು ತಾಯಿ. ಇವಳನ್ನ ಹತ್ತಬೇಡ ಅಂದಿದ್ದು ನಾನು."

"ಒಳಗ ಬರ್ರಿ. ಓದೂದು ನಿಮಗ ಬರೂದಿಲ್ಲ, ಅದು ಗೊತ್ತದ. ಬರೀಲಿಕ್ಕರೆ ಬರ್ತದೋ ಇಲ್ಲೋ?"

ಗುರುಬಸಪ್ಪ ಪೆನ್ನು ತೆಗೆದು ನೆಲದ ಮೇಲೆಯೇ ಕುಳಿತರು.

"ಬರೀರಿ. ಕೂಸಿನ ಹೆಸರು ಭಾಗೀರಥಿ. ಸರ್ಟಿಫಿಕೇಟಿನ್ಯಾಗ ಏನರ ಇರಲಿ, ತೊಟ್ಟಿಲದಾಗಿರೂ ತನಕ ಭಾಗೀರಥಿ ಅಂತ ಕರೀರಿ. ಅಷ್ಟರಾಗ ಅದಕ್ಕ ರೂಢಿ ಆಗ್ತದ."

ಅವರು ಒಂದಕ್ಷರ ಬಿಡದೆ ಬರೆದರು.