ಕತ್ತಲೆ ಕೋಣೆಗೆ ಬೆಳಕು ಸಾಲದು

ಕೋಣೆಯನ್ನು ಪೂರ್ತಿ ಕತ್ತಲು ಮಾಡಿ ಎಂದು ಟ್ಯಾಬ್ ಪಾಠದ ಕೈಪಿಡಿಯ ಮೊದಲ ಸಾಲಿನಲ್ಲೇ ಇತ್ತು. ಮಾಡಿದೆ. ಬೆಳಿಗ್ಗೆ ಏಳಕ್ಕೇ ಬಂದು, ಬೆಂಚು ಹತ್ತಿ, ಆರೂ ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದೆ. ಈಗ ಮೂವತ್ತೆರಡು ಮಕ್ಕಳ ಕೈಯಲ್ಲಿ ಮೂವತ್ತೆರಡು ಟ್ಯಾಬ್‌ಗಳು ಒಂದೇ ರಾಗ ಹಾಡುತ್ತಿದ್ದವು: ‘ಬೆಳಕು ಸಾಲದು. ದೀಪ ಹಾಕಿ.’

ಇಸ್ಲಾಮಿಕ್ ಇತಿಹಾಸದ ಪೀರಿಯಡ್, ಪಾಠ ಇಬ್ನ್ ಅಲ್ ಹೈಥಮ್‌ನದು. ಸಾವಿರ ವರ್ಷದ ಹಿಂದೆ ಕತ್ತಲೆ ಕೋಣೆಯ ತೂತಿನಲ್ಲಿ ದೀಪದ ಬೆಳಕು ಹಾಯಿಸಿ, ಅದು ನೇರವಾಗಿಯೇ ಸಾಗುತ್ತದೆ ಎಂದು ಪರೀಕ್ಷಿಸಿದವನು. ಟ್ಯಾಬಿನ ಕ್ಯಾಮೆರಾವನ್ನು ಡೆಸ್ಕಿನತ್ತ ಹಿಡಿದರೆ ಪರದೆಯಲ್ಲಿ ಅವನ ಕೋಣೆ ಡೆಸ್ಕಿನ ಮೇಲೇ ಎದ್ದು ನಿಲ್ಲಬೇಕು. ಮಕ್ಕಳು ಪರದೆಯನ್ನು ಎಷ್ಟು ಹೊತ್ತು ನೋಡಿದರೆಂದು ಅಳೆದು ಟ್ಯಾಬೇ ‘ಗಮನ’ಕ್ಕೆ ಅಂಕ ಕೊಡುತ್ತದೆ. ಅರವತ್ತಕ್ಕಿಂತ ಕಡಿಮೆ ಬಂದರೆ ಮುಂದಿನ ವರ್ಷ ಈ ಪೀರಿಯಡ್ ಕಂಪ್ಯೂಟರ್ ಮೇಷ್ಟ್ರ ಪಾಲು. ಇಪ್ಪತ್ತೆರಡು ವರ್ಷ ಕಲಿಸಿದ್ದೇನೆ. ಅಂಕ ಬರೆದುಕೊಳ್ಳಲು ಬಂದ ಇನ್‌ಸ್ಪೆಕ್ಟರ್ ಸಾಹೇಬರು ಹಿಂದಿನ ಬೆಂಚಿನಲ್ಲಿ ಆಕಳಿಸುತ್ತಿದ್ದರು.

ಟ್ಯಾಬ್ ಕಂಪನಿಗೆ ಫೋನ್ ಮಾಡಿದೆ.

“ಕತ್ತಲಾದ್ರೆ ಓಡಲ್ಲ ಮೇಡಂ, ಲೈಟ್ ಹಾಕಿ.”

“ಕತ್ತಲು ಮಾಡಿ ಅಂತ ನಿಮ್ಮ ಕೈಪಿಡೀಲೇ ಇದೆಯಲ್ಲಪ್ಪಾ!”

“ಅದನ್ನ ಬರೆದವರು ಬೇರೆ, ಆ್ಯಪ್ ಮಾಡಿದವರು ಬೇರೆ.”

ಲೈಟ್ ಹಾಕಿದೆ. ಕರೆಂಟ್ ಇರಲಿಲ್ಲ. ಇಷ್ಟಾದ ಮೇಲೆ ಸಹನೆ ಎಲ್ಲಿಂದ ತರಲಿ? ಪೆನ್ಸಿಲ್ ತಗೊಂಡು ಕಿಟಕಿಯ ಕಪ್ಪು ಕಾಗದಕ್ಕೆ ಚುಚ್ಚಿದೆ. ತಪ್ಪಿನಲ್ಲಿ ನಾನೂ ಏನು ಕಡಿಮೆಯಲ್ಲ. ಇಷ್ಟು ವರ್ಷ ಬೋರ್ಡಿನ ಮೇಲೆ ಗೆರೆ ಎಳೆದದ್ದೇ ಬಂತು, ಒಂದು ದಿನವೂ ತೂತು ಮಾಡಿ ನೋಡಿರಲಿಲ್ಲ. ಎದುರಿನ ಗೋಡೆಯ ಮೇಲೆ ಏನೋ ಮಸುಕಾಗಿ ಅಲುಗಿತು. ಟ್ಯಾಬ್‌ಗಳ ಬೆಳಕು ಅಡ್ಡ ಬರುತ್ತಿತ್ತು. ಅಂಕ ಹೋಗುತ್ತದೆಂದು ಗೊತ್ತಿತ್ತು.

“ಎಲ್ಲರೂ ಟ್ಯಾಬ್ ಬೋರಲು ಹಾಕ್ರೋ!”

ಕಣ್ಣಿಗೆ ಕತ್ತಲೆ ಒಗ್ಗುತ್ತಿದ್ದಂತೆ ಹೊರಗಿನ ಬೀದಿ ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿತು. ಬಸ್ಸು ಚಕ್ರ ಮೇಲೆ ಮಾಡಿಕೊಂಡು ಹೋಯಿತು.

“ಅಯ್ಯೋ, ನನ್ನ ಸ್ಕೂಟರ್!” ಎಂದರು ಇನ್‌ಸ್ಪೆಕ್ಟರು. ಅವರ ಕೆಂಪು ಸ್ಕೂಟರ್ ಗೋಡೆಯ ಮೇಲೆ ಉಲ್ಟಾ ನಿಂತಿತ್ತು. “ಯಾಕೆ ಮಿಸ್ ಹಿಂಗೆ?” ಎಂದು ಮೂಲೆಯ ಹುಡುಗಿ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅವಳ ಪಕ್ಕದವಳು, “ತೂತಲ್ಲಿ ಬೆಳಕು ನೇರ ಬರುತ್ತಲ್ಲೇ, ಮೇಲಿಂದ ಬಂದದ್ದು ಕೆಳಕ್ಕೇ ಹೋಗ್ಬೇಕು” ಎಂದಳು. ನನ್ನ ಕಣ್ಣು ತುಂಬಿತು.

ಗಂಟೆ ಹೊಡೆಯಿತು. ಗಮನ: ಸೊನ್ನೆ.

“ಸಾರ್, ನೀವು ಕಂಡಿದ್ದನ್ನ ಬರೀರಿ” ಎಂದೆ.

“ಕಂಡಿದ್ದನ್ನ ಬರೆಯೋಕೆ ಫಾರಂನಲ್ಲಿ ಜಾಗ ಇಲ್ಲ ಮೇಡಂ” ಎಂದು ಸೊನ್ನೆ ಬರೆದು ಸಹಿ ಹಾಕಿದರು. ಬಾಗಿಲ ತನಕ ಹೋಗಿ ತಿರುಗಿ ಬಂದರು.

“ಆ ಕಾಗದ ಇವತ್ತೇ ಕೀಳಬೇಡಿ. ಸಾಯಂಕಾಲ ನನ್ನ ಮಗಳನ್ನ ಕರ್ಕೊಂಡು ಬರ್ತೀನಿ.”

ಸೊನ್ನೆ ಬರೆದವರೇ ಹೀಗೆ ಕೇಳಿದ್ದಕ್ಕೆ ಸಿಟ್ಟು ನೆತ್ತಿಗೇರಿತು. ಆದರೇನು, ಬಾಯಿ ಮಾತ್ರ ಟೀಚರದೇ.

“ಸಾಯಂಕಾಲ ಬೇಡ ಸಾರ್, ಮೂರು ಗಂಟೆಗೇ ಬನ್ನಿ. ಬೀದಿಗೆ ಬಿಸಿಲಿದ್ರೇನೇ ಚೆನ್ನಾಗಿ ಕಾಣೋದು.”